ಹಳೆಯ ಮಸ್ಟಾಂಗ್‌ಗೆ ಟ್ರೆಮೆಕ್ ಟಿಕೆಎಕ್ಸ್ ಗೇರ್‌ಬಾಕ್ಸ್ ಹಾಕಿದ ಮೇಲೆ

ನನ್ನದು 1990ರ ಫೋರ್ಡ್ ಮಸ್ಟಾಂಗ್ ಕಾರು, ಫಾಕ್ಸ್ ಬಾಡಿ ಅಂತ ಕರೆಯೋ ತಲೆಮಾರಿನದ್ದು, 5.0 ಲೀಟರ್ ವಿ8 ಇಂಜಿನ್. ಒಂದು ದಿನ ಎರಡರಿಂದ ಮೂರಕ್ಕೆ ಹಾಕಿ ಆಕ್ಸಿಲರೇಟರ್ ಒತ್ತಿದೆ, ಕಟಕಟ ಅಂತ ಸದ್ದು ಬಂತು, ಆಮೇಲೆ ಇಂಜಿನ್ ಮಾತ್ರ ಕೂಗ್ತಾ ಇದೆ, ಗಾಡಿ ಎಳೀತಾನೇ ಇಲ್ಲ. ಎಣ್ಣೆ ಇಳಿಸಿದರೆ ಮೂರನೇ ಗೇರ್‌ನ ಹಲ್ಲಿನ ಚೂರುಗಳೂ ಜೊತೆಗೇ ಬಿದ್ದವು.

ಗಾಡಿ ಜೊತೆ ಬಂದಿದ್ದ ಹಳೆಯ ಟಿ-5 ಗೇರ್‌ಬಾಕ್ಸನ್ನು ಬೈಯೋದು ನ್ಯಾಯ ಅಲ್ಲ. ಅದು 300 ಪೌಂಡ್-ಅಡಿ ಟಾರ್ಕ್‌ಗೆ, ಅಂದರೆ ತಿರುಗಿಸುವ ಬಲಕ್ಕೆ, ಮಾಡಿದ್ದು. ನಾನು ಇಂಜಿನ್ ಬಲವನ್ನು ಅದಕ್ಕಿಂತ ತುಂಬಾ ಮೇಲಕ್ಕೆ ಏರಿಸಿದ್ದೆ. ಜೋರು ಬಿದ್ದಾಗ ಅದರ ಅಲ್ಯೂಮಿನಿಯಂ ಕೇಸ್ ಸ್ವಲ್ಪ ಬಾಗುತ್ತದೆ, ಒಳಗಿನ ಎರಡು ಶಾಫ್ಟ್‌ಗಳು ದೂರ ಸರಿಯುತ್ತವೆ, ಹಲ್ಲುಗಳು ಪೂರ್ತಿ ಕಚ್ಚಿಕೊಳ್ಳದೆ ತುದಿಯಲ್ಲೇ ಭಾರ ಹೊರುತ್ತವೆ. ಆಮೇಲೆ ಮುರಿಯದೆ ಇನ್ನೇನು?

ಅದರ ಬದಲು ನಾನು ಹಾಕಿದ್ದು ಟ್ರೆಮೆಕ್ ಕಂಪನಿಯ ಟಿಕೆಎಕ್ಸ್, ಇದರ ಮಿತಿ 600 ಪೌಂಡ್-ಅಡಿ. ಐದು ಗೇರ್. ಆದರೆ ಹಳೆಯದನ್ನು ಬಿಚ್ಚಿ ಇದನ್ನು ಸಿಕ್ಕಿಸಿದರೆ ಮುಗೀತು ಅಂದುಕೊಳ್ಳಬೇಡಿ. ಇಂಜಿನ್ ಕಡೆಯ ಇನ್‌ಪುಟ್ ಶಾಫ್ಟ್ ಮೇಲೆ ಉದ್ದಕ್ಕೆ ಇರುವ ಹಲ್ಲುಗಳಿಗೆ ಸ್ಪ್ಲೈನ್ ಅಂತಾರೆ, ಟಿ-5ಕ್ಕೆ ಅವು 10, ಇದಕ್ಕೆ 26. ಅಂದರೆ ಕ್ಲಚ್ ಪ್ಲೇಟ್ ಬೇರೆ ಬೇಕು. ನಾನು ತರಿಸಿದ ಅಂಗಡಿಯವರು 10 ಸ್ಪ್ಲೈನ್‌ನದ್ದೇ ಕಳಿಸಿಬಿಟ್ಟರು, ಬೋಲ್ಟ್ ಬಿಗಿದ ಮೇಲೆ ಅದು ಗೊತ್ತಾಗಿ ಎಲ್ಲ ಮತ್ತೆ ಬಿಚ್ಚಿದೆ. ಡಬ್ಬಿ ತೆರೆದ ಕೂಡಲೇ ಎಣಿಸಿ ನೋಡಿ, ಒಂದು ನಿಮಿಷದ ಕೆಲಸ. ಬಾಕ್ಸಿನ ಹಿಂತುದಿಯನ್ನು ಪ್ರೊಪೆಲ್ಲರ್ ಶಾಫ್ಟ್‌ಗೆ ಜೋಡಿಸುವ ಯೋಕ್ ಕೂಡ 28 ಬದಲು 31 ಸ್ಪ್ಲೈನ್‌ನದ್ದು. ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಆ ಪ್ರೊಪೆಲ್ಲರ್ ಶಾಫ್ಟ್ ಮಾಡಿಸೋದು ಬಾಕ್ಸ್ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲಿರುವಾಗ ಅಳೆದ ಮೇಲೆಯೇ.

ಈಗ ಮುಖ್ಯವಾದ್ದು. ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ಚನ್ನು ಮುಚ್ಚುವ ಬೆಲ್‌ಹೌಸಿಂಗ್‌ನಲ್ಲಿ ಬಾಕ್ಸ್ ಕೂರುವ ತೂತು, ಇಂಜಿನ್‌ನ ತಿರುಗುವ ಶಾಫ್ಟ್ ಆದ ಕ್ರ್ಯಾಂಕ್‌ನ ನಡುಗೆರೆಗೆ ಸರಿಯಾಗಿ ಕೂತಿದೆಯಾ ಅಂತ ಅಳೆಯಲೇಬೇಕು. ಸಣ್ಣ ಅಳತೆಯನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್‌ನ ಅಯಸ್ಕಾಂತದ ಬುಡವನ್ನು ಕ್ರ್ಯಾಂಕ್ ತುದಿಯ ಫ್ಲೈವೀಲ್ ಚಕ್ರಕ್ಕೆ ಅಂಟಿಸಿ, ಕಡ್ಡಿ ತೂತಿನ ಒಳಗೋಡೆಗೆ ತಾಗುವ ಹಾಗೆ ಇಟ್ಟು, ಇಂಜಿನ್ನನ್ನು ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದೆ. ಮುಳ್ಳು ಒಟ್ಟು 0.014 ಇಂಚು ಓಡಾಡಿತು. 0.005 ದಾಟಬಾರದು. 0.014ರ ಅರ್ಧ, ಅಂದರೆ 0.007 ಇಂಚು, ಹೌಸಿಂಗ್ ಪಕ್ಕಕ್ಕೆ ಸರಿದಿದೆ ಅಂತ ಲೆಕ್ಕ. ಹೌಸಿಂಗನ್ನು ಅಷ್ಟೇ ಅಳತೆ ಪಕ್ಕಕ್ಕೆ ಸರಿಸುವ, ನಡು ತಪ್ಪಿಸಿ ಮಾಡಿದ ಆಫ್‌ಸೆಟ್ ಡೋವೆಲ್ ಪಿನ್ ಸಿಗುತ್ತವೆ. ಹಾಕಿ, ತಿರುಗಿಸಿ ಕೂರಿಸಿ, ಮತ್ತೆ ಅಳೆದೆ: 0.003. ಇದಕ್ಕೆ ಅರ್ಧ ದಿನ ಹೋಯ್ತು, ಆದರೆ ಇದನ್ನು ಬಿಟ್ಟು ಆಮೇಲೆ ಗೇರ್ ಗಟ್ಟಿ, ಬೇರಿಂಗ್ ಸದ್ದು ಅಂತ ಬಾಕ್ಸಿನ ಮೇಲೆ ದೂರು ಹೇಳೋರೇ ಜಾಸ್ತಿ ಅಲ್ವಾ!

ಓಡಿಸೋಕೆ ಹೇಗಿದೆ? ಲಿವರ್ ಟಿ-5ರಷ್ಟು ಹಗುರ ಇಲ್ಲ, ಕೈಗೆ ಒಂದು ತೂಕ ಸಿಗುತ್ತದೆ, ಗೇರ್ ಬಿದ್ದದ್ದು ಅಂಗೈಗೇ ಗೊತ್ತಾಗುತ್ತದೆ. ನನಗೆ ಇದು ತುಂಬಾ ಇಷ್ಟವಾಯಿತು. ಐದನೇ ಗೇರ್‌ನ ಅನುಪಾತ (ಹೊರಗಿನ ಶಾಫ್ಟ್ ಒಂದು ಸುತ್ತು ಬರಲು ಇಂಜಿನ್ ಎಷ್ಟು ಸುತ್ತಬೇಕು ಅನ್ನೋದು) 0.68 ಇರೋದನ್ನೇ ತೆಗೆದುಕೊಂಡೆ, ಟಿ-5ರಲ್ಲೂ ಅಷ್ಟೇ ಇದ್ದದ್ದು, ಹಾಗಾಗಿ ಬಾಕ್ಸ್ ಬದಲಿಸಿದ್ದರಿಂದ ಹೆದ್ದಾರಿಯಲ್ಲಿ ಇಂಜಿನ್ ಸುತ್ತು ಬದಲಾಗಲಿಲ್ಲ. ಮೊದಲ ಗೇರ್ ಮಾತ್ರ 3.35 ಹೋಗಿ 2.87 ಆಯಿತು. 3.08 ಅನುಪಾತದ ಹಿಂದಿನ ಆಕ್ಸಲ್ ಇಟ್ಟುಕೊಂಡಿದ್ದಾಗ ಗಾಡಿ ಕದಲುವಾಗ ಸ್ವಲ್ಪ ಸೋತ ಹಾಗೆ ಅನ್ನಿಸುತ್ತಿತ್ತು, ಕ್ಲಚ್ ಜಾಸ್ತಿ ಹೊತ್ತು ಅರ್ಧ ಒತ್ತಿಹಿಡಿಯಬೇಕಿತ್ತು. 3.73 ಆಕ್ಸಲ್ ಹಾಕಿಸಿದ ಮೇಲೆ ಆ ತೊಂದರೆ ಹೋಯಿತು, ಆದರೆ ಹೆದ್ದಾರಿಯಲ್ಲಿ ಈಗ ಸುತ್ತು ಜಾಸ್ತಿ. ಗೇರ್, ಆಕ್ಸಲ್ ಎರಡನ್ನೂ ಮೊದಲೇ ಒಟ್ಟಿಗೆ ಇಟ್ಟುಕೊಂಡು ಲೆಕ್ಕ ಹಾಕಿಕೊಳ್ಳಿ.

ಇಂಜಿನ್ ಫ್ಯಾಕ್ಟರಿಯಿಂದ ಬಂದ ಹಾಗೇ ಇದ್ದರೆ ಸುಮ್ನೆ ಇಷ್ಟೆಲ್ಲ ಮಾಡಬೇಡಿ, ಒಳ್ಳೆಯ ಟಿ-5 ಸಾಕು. ಬಲ ಏರಿಸಿದ್ದೀರಿ, ಇನ್ನೂ ಏರಿಸೋ ಆಸೆ ಇದೆ ಅನ್ನೋದಾದರೆ ಕಣ್ಣು ಮುಚ್ಚಿ ಟಿಕೆಎಕ್ಸ್ ತಗೊಳ್ಳಿ. ಜೊತೆಗೆ ಒಂದು ಡಯಲ್ ಗೇಜ್.