ಕಿವಿಗೆ ಹಾಕಿದ ನೀರು ಗಂಟಲಿಗೆ ಬಂತು

ಕಿವಿಯ ಗುಗ್ಗೆ ತೆಗೆಯಲು ಸಿರಿಂಜಿನಲ್ಲಿ ನೀರು ಬಿಟ್ಟರೆ ಆ ನೀರು ಕಿವಿಯಿಂದಲೇ ಹೊರಗೆ ಬೀಳಬೇಕು. ನನಗೆ ಅದು ಗಂಟಲಿಗೆ ಇಳಿಯಿತು. ಉಪ್ಪುಪ್ಪು ರುಚಿ ನಾಲಿಗೆಯ ಹಿಂದೆ ಬಂದಾಗ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. ಆದರೂ ನಾನು ಸುಮ್ನೆ ಕೂತೆ. ಹಾಗೆ ಕೂತದ್ದಕ್ಕೆ ಮೂರು ತಿಂಗಳಿಂದ ಅನುಭವಿಸುತ್ತಿದ್ದೇನೆ. ನಮ್ಮ ಅಂಕೋಲಾ, ಕುಮಟಾ, ಕಾರವಾರದ ಕಡೆ ಹಲವರು ಇದೇ ರೀತಿ ಕಿವಿ ತೊಳೆಸಿಕೊಳ್ಳುತ್ತಾರೆ. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ಶುರುವಾಗಿದ್ದು ದೀಪಾವಳಿಯ ಎಣ್ಣೆ ಸ್ನಾನದ ದಿನ. ಅತ್ತೆ ಪ್ರೀತಿಯಿಂದ ತಲೆಗೆ ಎಣ್ಣೆ ಹಚ್ಚಿದರು, ಕಿವಿಗೂ ಎರಡು ಹನಿ ಬಿಟ್ಟರು. ಹಂಡೆಯ ಬಿಸಿನೀರು ತಲೆ ಮೇಲೆ ಸುರಿದುಕೊಂಡು ಹೊರಗೆ ಬಂದಾಗ ಎಡಗಿವಿ ಕಟ್ಟಿಹೋಗಿತ್ತು. ನನ್ನ ಮಾತು ನನಗೇ ಕೊಡದೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಒಣಗಿ ಕೂತಿದ್ದ ಗುಗ್ಗೆ ನೀರು ಹೀರಿಕೊಂಡು ಉಬ್ಬುತ್ತದಂತೆ. ಅದಕ್ಕೇ ತಲೆಸ್ನಾನದ ನಂತರ, ಈಜಿದ ನಂತರ ಒಮ್ಮೆಗೇ ಕಿವಿ ಕಟ್ಟುತ್ತದೆ. ಇದು ಆಮೇಲೆ ತಿಳಿದದ್ದು. ಆಗ ನಾನು ಮಾಡಿದ್ದು ಬಡ್ಸ್ ಹಾಕಿ ತಿರುಗಿಸಿದ್ದು. ಅರ್ಧ ಮುಚ್ಚಿದ್ದ ಕಿವಿ ಪೂರ್ತಿ ಮುಚ್ಚಿತು.

ಕಿವಿ ಡಾಕ್ಟರಿಗೆ ತೋರಿಸಬೇಕೆಂದರೆ ಶಾಲೆಗೆ ಒಂದು ದಿನ ರಜೆ ಹಾಕಿ ಕಾರವಾರಕ್ಕೆ ಹೋಗಬೇಕು. ಪಕ್ಕದ ಮನೆಯ ಅಕ್ಕ ಹೇಳಿದರು, "ಅಷ್ಟು ದೂರ ಯಾಕೆ, ಇಲ್ಲೇ ಒಬ್ಬರು ಸಿಸ್ಟರ್ ಹತ್ತು ನಿಮಿಷದಲ್ಲಿ ತೆಗೀತಾರೆ." ಹಲವು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನರ್ಸ್ ಒಬ್ಬರು ನಡೆಸುವ ಸಣ್ಣ ಕ್ಲಿನಿಕ್ ಅದು. ಬಿಪಿ ನೋಡುವುದು, ಗಾಯಕ್ಕೆ ಡ್ರೆಸ್ಸಿಂಗ್, ಇಂಜೆಕ್ಷನ್, ಜೊತೆಗೆ ಕಿವಿ ಕ್ಲೀನ್. ಕ್ಲಿನಿಕ್ಕಿನ ಹೆಸರು, ಊರಿನ ಹೆಸರು ಎರಡೂ ಬರೆಯುವುದಿಲ್ಲ. ಹೇಳಬೇಕಾದದ್ದನ್ನು ಅವರ ಎದುರಿಗೇ ಹೇಳಿ ಬಂದಿದ್ದೇನೆ.

ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಟವೆಲ್ ಹಾಕಿದರು. ಕಿವಿಯ ಕೆಳಗೆ ಹಿಡಿಯಲು ಸ್ಟೀಲ್ ಟ್ರೇ ಕೊಟ್ಟರು. ಮೊಬೈಲ್ ಟಾರ್ಚ್ ಒಂದು ಕ್ಷಣ ಬಿಟ್ಟು, "ತುಂಬಾ ಉಂಟು" ಎಂದರು. ಅಷ್ಟೇ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಟೇಬಲ್ ಮೇಲೆ ಜಗ್ಗಿನಲ್ಲಿಟ್ಟಿದ್ದ ಉಪ್ಪುನೀರನ್ನು ದೊಡ್ಡ ಸಿರಿಂಜಿಗೆ ಎಳೆದುಕೊಂಡು ಒತ್ತಿದರು.

ತಣ್ಣನೆ ನೀರು. ಮೊದಲ ಸಲಕ್ಕೆ ಕಿವಿಯೊಳಗೆ ದಬ್ಬಿದ ಹಾಗಾಯಿತು, ಏನೂ ಬರಲಿಲ್ಲ. ಎರಡನೇ ಸಲ ಇನ್ನೂ ಜೋರಾಗಿ ಒತ್ತಿದರು. 'ಪಟ್' ಎಂಬ ಸದ್ದು ತಲೆಯೊಳಗೇ ಕೇಳಿತು, ಸೂಜಿ ಚುಚ್ಚಿದ ನೋವು, ಬಾಯಿಗೆ ಉಪ್ಪಿನ ರುಚಿ. ಹಿಂದೆಯೇ ಗೋಡೆ, ಕ್ಯಾಲೆಂಡರ್, ಫ್ಯಾನ್ ಎಲ್ಲವೂ ಒಂದೇ ದಿಕ್ಕಿಗೆ ತಿರುಗತೊಡಗಿದವು. ನಾನು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡೆ. "ಎಲ್ಲರಿಗೂ ಹೀಗೇ ಆಗ್ತದೆ ಅಕ್ಕ, ಅಲ್ಲಾಡಬೇಡಿ, ಇನ್ನೊಂದು ಸಲ" ಎಂದು ಮೂರನೇ ಸಲ ಹಾಕಿದರು. ಗುಗ್ಗೆಯ ಒಂದು ತುಂಡು ಟ್ರೇಗೆ ಬಿತ್ತು, ಜೊತೆಗೆ ಕೆಂಪು ಎಳೆ. ನಾನು ಅದೇ ಟ್ರೇಗೆ ವಾಂತಿ ಮಾಡಿದೆ. ಮುನ್ನೂರು ರೂಪಾಯಿ ಕೊಟ್ಟು, ನಮ್ಮ ಮನೆಯವರ ಭುಜ ಹಿಡಿದುಕೊಂಡು ಆಟೋ ಹತ್ತಿದೆ.

ಎರಡು ದಿನ ಮಲಗಿದ್ದೆ. ಕಿವಿಯಲ್ಲಿ ಗುಂಯ್ ಎಂಬ ಸದ್ದು ನಿಲ್ಲಲಿಲ್ಲ. ಮೂರನೇ ದಿನ ಬೆಳಿಗ್ಗೆ ದಿಂಬು ಒದ್ದೆಯಾಗಿತ್ತು, ವಾಸನೆ ಬರುತ್ತಿತ್ತು. ಆ ವಾಸನೆ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಮಳೆಗಾಲ ಬಂತೆಂದರೆ ಇದೇ ಎಡಗಿವಿ ಸೋರುತ್ತಿತ್ತು. ಹೈಸ್ಕೂಲಿಗೆ ಬರುವಷ್ಟರಲ್ಲಿ ನಿಂತುಹೋಗಿತ್ತು. ನಾನು ಅದನ್ನು ಪೂರ್ತಿ ಮರೆತಿದ್ದೆ.

ಅಂಕೋಲಾದಿಂದ ಕಾರವಾರಕ್ಕೆ 35 ಕಿಲೋಮೀಟರ್ ಹತ್ತಿರ. ಆ ದಿನ ಬಸ್ಸಿನಲ್ಲಿ ಕಾರವಾರದ ಹತ್ತಿರದ ಬಿಣಗಾ ದಾಟುವ ತನಕ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಕಾರವಾರದ ಇಎನ್‌ಟಿ (ಕಿವಿ, ಮೂಗು, ಗಂಟಲು) ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಈ ಕಿವಿ ಮೊದಲು ಯಾವಾಗಾದ್ರೂ ಸೋರಿತ್ತಾ?" ನನಗೆ ಅಳು ಬಂತು. ಈ ಒಂದು ಪ್ರಶ್ನೆ ಆ ಕ್ಲಿನಿಕ್ಕಿನಲ್ಲೇ ಕೇಳಿದ್ದರೆ!

ಮೈಕ್ರೋಸ್ಕೋಪಿನಲ್ಲಿ ನೋಡಿ ಅವರು ಹೇಳಿದ್ದು ಇಷ್ಟು. ತಮಟೆಯಲ್ಲಿ, ಅಂದರೆ ಕಿವಿಯೊಳಗಿನ ತೆಳು ಪರದೆಯಲ್ಲಿ, ತೂತಾಗಿದೆ. ಕಿವಿಯ ತಮಟೆ ದೊಡ್ಡವರಲ್ಲೂ ಸುಮಾರು 1 ಸೆಂಟಿಮೀಟರ್ ಅಗಲ, ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಅದರಲ್ಲಿ ಮೂರು ಪದರ. ಹಿಂದೆ ತೂತಾಗಿ ತಾನಾಗೇ ಮುಚ್ಚಿದ ಜಾಗದಲ್ಲಿ ನಡುವಿನ ಗಟ್ಟಿ ನಾರಿನ ಪದರ ಮತ್ತೆ ಬೆಳೆಯುವುದಿಲ್ಲ. ಅಲ್ಲಿ ತೆಳ್ಳನೆ ಹಾಳೆಯಂಥ ಚರ್ಮ ಮಾತ್ರ ಉಳಿಯುತ್ತದೆ. ಸಿರಿಂಜಿನ ಒತ್ತಡಕ್ಕೆ ಹರಿದದ್ದು ಅದೇ. ತಮಟೆಯ ಆಚೆ ಮಧ್ಯಕಿವಿ, ಅಲ್ಲಿಂದ ಗಂಟಲಿಗೆ ಒಂದು ಸಣ್ಣ ಕೊಳವೆ. ನೀರು ಬಾಯಿಗೆ ಬಂದದ್ದು ಆ ದಾರಿಯಿಂದ. ತಮಟೆ ಸರಿಯಿದ್ದರೆ ಒಂದು ಹನಿಯೂ ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಕಿವಿ ತೊಳೆಯುವಾಗ ಗಂಟಲಲ್ಲಿ ನೀರಿನ ರುಚಿ ಬಂದರೆ ತಕ್ಷಣ ಕೈ ಎತ್ತಿ ನಿಲ್ಲಿಸಿ. ನಾಚಿಕೆ ಬೇಡ, ದಾಕ್ಷಿಣ್ಯ ಬೇಡ.

ತಲೆ ತಿರುಗಿದ್ದಕ್ಕೆ ತಣ್ಣೀರೂ ಕಾರಣ. ಒಳಕಿವಿಯಲ್ಲಿ ನಮ್ಮ ಸಮತೋಲ ನೋಡಿಕೊಳ್ಳುವ ಸಣ್ಣ ಕೊಳವೆಗಳಿವೆ, ಅದರಲ್ಲಿ ದ್ರವ ತುಂಬಿದೆ. ನೀರು ಮೈಯ ಬಿಸಿಗಿಂತ ತಣ್ಣಗಿದ್ದರೂ ಜಾಸ್ತಿ ಬಿಸಿ ಇದ್ದರೂ ಆ ದ್ರವ ಕದಲುತ್ತದೆ. ನಾವು ಕೂತಲ್ಲೇ ಇದ್ದರೂ ಮೆದುಳಿಗೆ ತಿರುಗಿದ ಹಾಗೆ ಸುದ್ದಿ ಹೋಗುತ್ತದೆ. ವಿಯೆನ್ನಾದಲ್ಲಿ ರಾಬರ್ಟ್ ಬರಾನಿ ಎಂಬ ಡಾಕ್ಟರ್ ರೋಗಿಗಳ ಕಿವಿ ತೊಳೆಯುವಾಗಲೇ ಇದನ್ನು ಗಮನಿಸಿ ಅಧ್ಯಯನ ಮಾಡಿದರು. ಒಳಕಿವಿಯ ಕೆಲಸದ ಬಗ್ಗೆ ಅವರಿಗೆ 1914ರ ನೊಬೆಲ್ ಬಂತು. ನೂರು ವರ್ಷಕ್ಕೂ ಹಿಂದೆಯೇ ಗೊತ್ತಿದ್ದ ಸಂಗತಿ ಇದು. ನೀರನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಲು ಎಷ್ಟು ಹೊತ್ತು ಬೇಕು ಹೇಳಿ?

ಡಾಕ್ಟರ್ ಅಲ್ಲದೆ ನರ್ಸ್ ಕಿವಿ ತೊಳೆದದ್ದೇ ತಪ್ಪು ಅಂತ ದಯವಿಟ್ಟು ಓದಿಕೊಳ್ಳಬೇಡಿ. ನನ್ನ ಅಕ್ಕನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ಎಷ್ಟೋ ಕಡೆ ಈ ಕೆಲಸ ಮಾಡುವವರು ನರ್ಸುಗಳೇ, ಅದಕ್ಕೇ ಬೇರೆ ತರಬೇತಿ ಪಡೆದವರು. ಕೈಯಲ್ಲಿ ಒತ್ತುವ ಸಿರಿಂಜಿನಿಂದ ದೊಡ್ಡವರ ಕಿವಿ ತೊಳೆಯಬಾರದು ಎಂದು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಅಲ್ಲಿಯ ನೈಸ್ (NICE) ಸಂಸ್ಥೆ 2018ರಲ್ಲೇ ಹೇಳಿದೆ. ನೀರಿನ ಒತ್ತಡ ಹಿಡಿತದಲ್ಲಿಡುವ ಮಶೀನು ಬಳಸುತ್ತಾರೆ, ಇಲ್ಲವೇ ನೀರೇ ಇಲ್ಲದೆ ಸಣ್ಣ ನಳಿಗೆಯಿಂದ ಎಳೆದು ತೆಗೆಯುತ್ತಾರೆ. ಅವಳು ಫೋನಿನಲ್ಲಿ ಕೇಳಿದ್ದು, "ಚಿಕ್ಕಮ್ಮ, ಅವರು ಒಟೋಸ್ಕೋಪ್ ಹಾಕಿ ಒಳಗೆ ನೋಡಲೇ ಇಲ್ವಾ?" ಕಿವಿಯೊಳಗೆ ಇಡುವ ಆ ಸಣ್ಣ ಬೆಳಕಿನ ಉಪಕರಣ ನಮ್ಮ ಆ ಕ್ಲಿನಿಕ್ಕಿನಲ್ಲಿ ಇರಲೇ ಇಲ್ಲ.

ಅವಳೂ ಕಾರವಾರದ ಡಾಕ್ಟರೂ ಹೇಳಿದ್ದು ಒಂದೇ. ಮೊದಲು ಕೇಳಬೇಕು. ಕಿವಿ ಸೋರಿದೆಯಾ, ತಮಟೆ ತೂತಾಗಿತ್ತಾ, ಕಿವಿಗೆ ಆಪರೇಷನ್ ಆಗಿದೆಯಾ, ಈಗ ನೋವು ಇದೆಯಾ, ಇನ್ನೊಂದು ಕಿವಿ ಸರಿಯಾಗಿ ಕೇಳುತ್ತದಾ. ಇದರಲ್ಲಿ ಏನೇ ತೊಂದರೆ ಇದ್ದರೂ ನೀರಿನ ಮಾತು ಬಿಟ್ಟು ಇಎನ್‌ಟಿ ಹತ್ತಿರ ಕಳಿಸಬೇಕು. ಗಟ್ಟಿ ಗುಗ್ಗೆಯಾದರೆ ಮೂರರಿಂದ ಐದು ದಿನ ಡ್ರಾಪ್ಸ್ ಹಾಕಿ ಮೆತ್ತಗೆ ಮಾಡಿಕೊಂಡು ಬರಲು ಹೇಳಬೇಕು. ಎಷ್ಟೋ ಸಲ ಅಷ್ಟರಲ್ಲೇ ಕಿವಿ ಬಿಡುತ್ತದೆ. ತೊಳೆಯುವಾಗ ನೀರಿನ ಧಾರೆ ನೇರ ತಮಟೆಗೆ ಹೊಡೆಯಬಾರದು, ಕಿವಿ ನಾಳದ ಮೇಲಿನ ಗೋಡೆಗೆ ತಾಗಿ ಹಿಂದಿನಿಂದ ಗುಗ್ಗೆಯನ್ನು ತಳ್ಳಿಕೊಂಡು ಬರಬೇಕು. ನೋವಾದರೆ ಅಲ್ಲಿಗೇ ಮುಗಿಯಿತು, ಇನ್ನೊಂದು ಸಲ ಎಂಬುದಿಲ್ಲ. ಕೊನೆಗೆ ಮತ್ತೆ ಒಳಗೆ ನೋಡಬೇಕು.

ನಾನು ಇಷ್ಟು ಬರೆಯಲು ಮಾವನವರೂ ಕಾರಣ. ನನ್ನ ಸಂಗಡವೇ ಅವರ ಕಿವಿಯ ಗುಗ್ಗೆಯನ್ನೂ ಆ ಕ್ಲಿನಿಕ್ಕಿನಲ್ಲೇ ತೆಗೆಸೋಣ ಎಂದುಕೊಂಡಿದ್ದೆವು. ಅವರಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಸಕ್ಕರೆ ಇರುವವರ, ಅದರಲ್ಲೂ ವಯಸ್ಸಾದವರ ಕಿವಿಗೆ ನೀರು ಹೋಗಿ ಸೋಂಕಾದರೆ ಅದು ಸುತ್ತಲಿನ ಎಲುಬಿಗೂ ಹಬ್ಬಬಹುದು, ಜೀವಕ್ಕೇ ಅಪಾಯವಾಗಬಹುದು ಎಂದು ಡಾಕ್ಟರ್ ಹೇಳಿದಾಗ ನನ್ನ ಕೈ ನಡುಗಿತು. ಆ ದಿನ ಮಾವ ತೋಟಕ್ಕೆ ಅಡಿಕೆ ಕೊಯ್ಯುವವರು ಬಂದರು ಎಂದು ಉಳಿದುಕೊಂಡರು. ಅಷ್ಟರಿಂದ ತಪ್ಪಿತು.

ಮನೆಯಲ್ಲಿ ಈಗ ಬಡ್ಸ್ ಇಲ್ಲ. ಗುಗ್ಗೆ ಕೊಳೆ ಅಂತ ನಾವು ತಿಳಿದುಕೊಂಡಿದ್ದೇವೆ, ಅಲ್ವಾ? ಅದು ಕಿವಿ ನಾಳದ ಹೊರಭಾಗದಲ್ಲಿ ಮಾತ್ರ ಹುಟ್ಟುತ್ತದೆ. ಒಳಚರ್ಮವನ್ನು ಕಾಯುವುದು ಅದರ ಕೆಲಸ. ಚರ್ಮ ತಾನೇ ನಿಧಾನವಾಗಿ ಹೊರಗೆ ಸರಿಯುತ್ತಾ ಅದನ್ನು ತಂದು ಬಿಡುತ್ತದೆ. ನಾವು ಕಡ್ಡಿ, ಪಿನ್ನು, ಬೀಗದ ಕೈ ಹಾಕಿ ಹೊರಗೆ ಬರುವುದನ್ನು ಒಳಗೆ ದೂಡುತ್ತೇವೆ. ಕಿವಿ ಸೋರುತ್ತಿದ್ದರೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಹಳೇ ಡ್ರಾಪ್ಸ್ ಯಾವುದೂ ಹಾಕಬೇಡಿ. ತೂತಿರುವ ಕಿವಿಗೆ ಕೆಲವು ಡ್ರಾಪ್ಸ್ ಹಾಕಿದರೆ ಕೇಳುವ ಶಕ್ತಿಗೇ ಪೆಟ್ಟು ಬೀಳುತ್ತದಂತೆ. ಯಾವುದು ಹಾಕಬಹುದು ಎಂದು ನೋಡಿದ ಡಾಕ್ಟರೇ ಹೇಳಬೇಕು.

ನನಗೆ ಕೊಟ್ಟ ಡ್ರಾಪ್ಸಿಗೆ ಹತ್ತು ದಿನದಲ್ಲಿ ಸೋರುವುದು ನಿಂತಿತು. ಉಳಿದ ಗುಗ್ಗೆಯನ್ನು ಡಾಕ್ಟರ್ ನೀರಿಲ್ಲದೆ ಎಳೆದು ತೆಗೆದರು. ಸ್ನಾನಕ್ಕೆ ಹೋಗುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಟ್ಟುಕೊಳ್ಳುತ್ತೇನೆ. ಇಂಥ ತೂತು ಹೆಚ್ಚಿನವರಿಗೆ ಎರಡು ಮೂರು ತಿಂಗಳಲ್ಲಿ ತಾನೇ ಮುಚ್ಚುತ್ತದಂತೆ. ನನ್ನದು ಸಣ್ಣದಾಗಿದೆ, ಮುಚ್ಚಿಲ್ಲ. ತರಗತಿಯಲ್ಲಿ ಎಡಗಡೆ ಕೂತ ಮಕ್ಕಳ ಪಿಸುಮಾತು ಈಗಲೂ ಕೇಳುವುದಿಲ್ಲ, ಎರಡೆರಡು ಸಲ ಕೇಳಿಸಿಕೊಳ್ಳುತ್ತೇನೆ.

ಹೋದ ವಾರ ಆ ಕ್ಲಿನಿಕ್ಕಿಗೆ ಹೋಗಿದ್ದೆ. ಜಗಳಕ್ಕೆ ಹೋಗಿದ್ದಲ್ಲ. ರಿಪೋರ್ಟ್ ತೋರಿಸಿದೆ. ಸಿಸ್ಟರ್ ಅದನ್ನು ಎರಡು ಸಲ ಓದಿದರು. "ಇಷ್ಟು ವರ್ಷದಲ್ಲಿ ಯಾರೂ ವಾಪಸ್ ಬಂದು ಹೇಳಿರಲಿಲ್ಲ" ಎಂದರು. ಮುನ್ನೂರು ರೂಪಾಯಿ ತೆಗೆದುಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಒಟೋಸ್ಕೋಪ್ ತರಿಸುವ ತನಕ ಯಾರ ಕಿವಿಗೂ ನೀರು ಹಾಕಬೇಡಿ ಎಂದು ಕೇಳಿಕೊಂಡೆ. ಹೂಂ ಎಂದರು. ಹೊರಗೆ ಬೆಂಚಿನ ಮೇಲೆ ಕಿವಿಗೆ ಕೈ ಒತ್ತಿಕೊಂಡು ಒಬ್ಬ ಅಜ್ಜಿ ಕೂತಿದ್ದರು. ನಾನು ಅವರ ಪಕ್ಕ ಕೂತು ಕೇಳಿದೆ, "ಅಮ್ಮ, ಈ ಕಿವಿ ಯಾವಾಗಾದ್ರೂ ಸೋರಿತ್ತಾ?"