ಅಳತೆ ಕೊಟ್ಟು ಮಾಡಿಸಿದ ಇಯರ್‌ಫೋನ್: ಎರಡೂವರೆ ವರ್ಷ ಬಳಸಿದ ಮೇಲೆ

ತಿಂಗಳಲ್ಲಿ ಹತ್ತು ಹನ್ನೆರಡು ರಾತ್ರಿ ನನ್ನ ನಿದ್ದೆ ರೈಲಿನಲ್ಲೋ ಬಸ್ಸಿನಲ್ಲೋ ಆಗುತ್ತದೆ. ಬ್ಯಾಂಕ್ ಶಾಖೆಗಳ ಲೆಕ್ಕ ತಪಾಸಣೆ ನನ್ನ ಕೆಲಸ. ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬಳ್ಳಾರಿ, ವಾಪಸ್ ಬಂದು ಬಟ್ಟೆ ಒಗೆದು ಹಾಕುವಷ್ಟರಲ್ಲಿ ಸಂಪಾಜೆ ಘಾಟಿ ಇಳಿದು ಮಂಗಳೂರು, ಆಗೊಮ್ಮೆ ಈಗೊಮ್ಮೆ ವಿಮಾನದಲ್ಲಿ ದಿಲ್ಲಿ. ಈ ಓಡಾಟದಲ್ಲಿ ನಿದ್ದೆ, ಹಾಡು ಎರಡನ್ನೂ ಉಳಿಸಿಕೊಟ್ಟಿದ್ದು ಗೋಡಂಬಿ ಗಾತ್ರದ ಎರಡು ಸಿಲಿಕೋನ್ ತುಂಡು. ನನ್ನ ಕಿವಿಯ ಅಚ್ಚು ತೆಗೆದು ಮಾಡಿದ್ದು.

ಅದಕ್ಕೂ ಮುಂಚೆ ನಾನೂ ರೆಡಿಮೇಡ್ ಗಿರಾಕಿಯೇ. ಡಬ್ಬಿಯಲ್ಲಿ ಕೊಡುವ ಸ್ಮಾಲ್, ಮೀಡಿಯಂ, ಲಾರ್ಜ್ ರಬ್ಬರ್ ಟಿಪ್ಪುಗಳಲ್ಲಿ ಬಲಗಿವಿಗೆ ಮೀಡಿಯಂ ಕೂರುತ್ತಿತ್ತು, ಎಡಗಿವಿಗೆ ಯಾವುದೂ ಕೂರುತ್ತಿರಲಿಲ್ಲ. ಚುರುಮುರಿ ತಿನ್ನಲು ಬಾಯಾಡಿಸಿದರೆ ಸಾಕು, ಎಡಗಡೆಯದು ಜಾರಿ ತೊಡೆ ಮೇಲೆ. ಆಮೇಲೆ ನಾಯ್ಸ್ ಕ್ಯಾನ್ಸಲಿಂಗ್ ಇರುವ ಬ್ಲೂಟೂತ್ ಬಡ್ಸ್ ಕೊಂಡೆ. ಎಂಜಿನ್ನಿನಂಥ ಒಂದೇ ಸಮನೆಯ ಗುಂಯ್ ಸದ್ದಿಗೆ ಅದು ರಾಮಬಾಣ, ಸುಳ್ಳಲ್ಲ. ಆದರೆ ಮಗು ಕಿಟಾರನೆ ಕಿರುಚಿದರೆ, ಎದುರು ಬರ್ತಿನವರು ಸ್ಪೀಕರಿನಲ್ಲೇ ರೀಲ್ಸ್ ಹಾಕಿಕೊಂಡರೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಐದು ಗಂಟೆಗೆ ಚಾರ್ಜು ಖಾಲಿ. ಮಗ್ಗುಲಾಗಿ ಮಲಗಿದರೆ ಕಿವಿಗೆ ಚುಚ್ಚುತ್ತದೆ. ಕೊನೆಗೊಂದು ರಾತ್ರಿ ಅದರಲ್ಲೊಂದು ಬರ್ತಿನ ಕೆಳಗೆ ಉರುಳಿ, ಚಪ್ಪಲಿ ನೀರಿನ ಬಾಟಲಿಗಳ ಮಧ್ಯೆ ಎಲ್ಲಿ ಹೋಯಿತೋ ಸಿಗಲೇ ಇಲ್ಲ.

ಆಗ ಶುರುವಾಯಿತು ಅಳತೆ ಕೊಟ್ಟು ಮಾಡಿಸುವ ಹುಚ್ಚು. ಪೂರ್ತಿ ಇಯರ್‌ಫೋನನ್ನೇ ಕಿವಿಯಚ್ಚಿನಲ್ಲಿ ಎರಕ ಹೊಯ್ದು ಕೊಡುವವರನ್ನು ವಿಚಾರಿಸಿದೆ. ಕೇಳಿದ ಕಡೆಯೆಲ್ಲ ಇಪ್ಪತ್ತು ಸಾವಿರಕ್ಕೆ ಮೇಲೆ. ಅದು ವೇದಿಕೆಯ ಕಲಾವಿದರಿಗೆಂದು ಬೆಳೆದ ಸರಕು. 1995ರ ಹೊತ್ತಿಗೆ ಅಮೆರಿಕದ ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವೆ, ವ್ಯಾನ್ ಹೇಲನ್ ಬ್ಯಾಂಡಿನ ಡ್ರಮ್ಮರನಿಗೆ ವೇದಿಕೆಯ ಗದ್ದಲದಲ್ಲೂ ಕೇಳುವ ಹಾಗೆ ಇಂಥದೊಂದನ್ನು ಮಾಡಿಕೊಟ್ಟ. ಅಲ್ಲಿಂದ ಈ ವ್ಯಾಪಾರ ಕುದುರಿತು. ಆದರೆ ಕಿವಿಯ ಅಚ್ಚು ತೆಗೆಯುವ ವಿದ್ಯೆ ಅದಕ್ಕಿಂತ ಎಷ್ಟೋ ಹಳೆಯದು, ಮತ್ತು ಅದು ಶ್ರವಣಯಂತ್ರ ಮಾಡುವವರದ್ದು. ಇಂಥ ಇಯರ್‌ಫೋನುಗಳಲ್ಲಿ ಕೂರಿಸುವ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟಾಣಿ ಸ್ಪೀಕರ್ ಕೂಡ ಶ್ರವಣಯಂತ್ರದಿಂದಲೇ ಬಂದದ್ದು. ಇದು ತಿಳಿದ ಮೇಲೆ ಹಾಡಿನ ಅಂಗಡಿಗಳ ಕಡೆ ತಲೆ ಹಾಕುವುದನ್ನು ಬಿಟ್ಟೆ. ಮೈಸೂರಿನಲ್ಲಿದ್ದುಕೊಂಡು ಇದಕ್ಕೆ ಪರದಾಡುವುದೇಕೆ? ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಓದಿ ಬಂದ ಆಡಿಯಾಲಜಿಸ್ಟುಗಳು, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ನೋಡಿ ಶ್ರವಣಯಂತ್ರ ಹೊಂದಿಸುವವರು, ಊರಲ್ಲಿದ್ದಾರೆ.

ನನ್ನ ಲೆಕ್ಕ ಸರಳ. ತಂತಿ ಬಿಚ್ಚಿ ಹಾಕುವಂಥ ಒಂದು ಸಾಧಾರಣ ಇಯರ್‌ಫೋನ್ ಕೊಳ್ಳುವುದು, ಅದರ ಮೂತಿಗೆ ನನ್ನ ಕಿವಿಯಳತೆಯ ಟಿಪ್ ಮಾಡಿಸುವುದು. ಇಯರ್‌ಫೋನ್ 1,800 ರೂಪಾಯಿ. ಯಾವ ಕಂಪನಿಯದು ಎಂದು ಕೇಳಬೇಡಿ, ಅದು ಅಷ್ಟು ಮುಖ್ಯವೇ ಅಲ್ಲ. ನೋಡಬೇಕಾದ್ದು ಎರಡೇ: ತಂತಿ 0.78 ಮಿಲಿಮೀಟರಿನ ಎರಡು ಪಿನ್ನಿನದಾಗಿರಬೇಕು, ಏಕೆಂದರೆ ಬದಲಿ ತಂತಿ ಸುಲಭಕ್ಕೆ ಸಿಗುತ್ತದೆ. ಮೂತಿಯ ಕೊನೆಗೆ ಸಣ್ಣ ಏಣು ಇರಬೇಕು, ಇಲ್ಲದಿದ್ದರೆ ಟಿಪ್ ಕಿವಿಯಲ್ಲೇ ಉಳಿದು ಇಯರ್‌ಫೋನ್ ಮಾತ್ರ ಕೈಗೆ ಬರುತ್ತದೆ. ಫೋನಿನಲ್ಲಿ ತಂತಿ ಚುಚ್ಚುವ ತೂತೇ ಇಲ್ಲದ ಕಾಲವಾದ್ದರಿಂದ ಡಾಂಗಲ್ಲಿಗೆ ಇನ್ನೊಂದು 750.

ಆಡಿಯಾಲಜಿಸ್ಟ್ ಒಬ್ಬರ ಹತ್ತಿರ ಅಚ್ಚು ಕೊಡಲು ಹೋದ ಮೊದಲ ದಿನ ಕೆಲಸವೇ ಆಗಲಿಲ್ಲ. ಭಾನುವಾರ ಅಮ್ಮ ತಲೆಗೆ ಎಣ್ಣೆ ಹಚ್ಚುವಾಗ ಕಿವಿಗೂ ಎರಡು ತೊಟ್ಟು ಬೆಚ್ಚಗೆ ಬಿಟ್ಟಿದ್ದರು. ದೀಪದ ನಳಿಗೆ ಇಟ್ಟು ನೋಡಿದವರು "ಎಣ್ಣೆ, ಗುಗ್ಗೆ ಎಲ್ಲ ಕಲಸಿಕೊಂಡಿದೆ, ಕಿವಿ ತಮಟೆ ಕಾಣುತ್ತಿಲ್ಲ, ಕಾಣದೆ ನಾನು ಅಚ್ಚಿನ ಪಾಕ ಬಿಡುವುದಿಲ್ಲ" ಎಂದರು. ಕಿವಿ ಡಾಕ್ಟರ ಹತ್ತಿರ 500 ರೂಪಾಯಿ ಕೊಟ್ಟು ಚೊಕ್ಕ ಮಾಡಿಸಿಕೊಂಡು ಬಂದೆ.

ಎರಡನೇ ಸಲ ಓಲೆ ಬಿಚ್ಚಿಸಿ ಕೂರಿಸಿದರು. ದಾರ ಕಟ್ಟಿದ ಚಿಕ್ಕ ಸ್ಪಂಜಿನ ಉಂಡೆಯನ್ನು ಕಿವಿಯೊಳಗಿನ ಎರಡನೇ ತಿರುವಿನ ಆಚೆಗೆ ತಳ್ಳುತ್ತಾರೆ, ಪಾಕ ತಮಟೆಯವರೆಗೆ ಹೋಗದಿರಲೆಂದು. ಆಗ ಕೆಮ್ಮು ಬರುವ ಹಾಗಾಗುತ್ತದೆ. ಆಮೇಲೆ ಎರಡು ಬಣ್ಣದ ಸಿಲಿಕೋನ್ ಕಣಕವನ್ನು ಅಂಗೈಯಲ್ಲಿ ಕಲಸಿ, ದಪ್ಪ ಸಿರಿಂಜಿನಲ್ಲಿ ತುಂಬಿ ಒತ್ತುತ್ತಾರೆ. ಕಿವಿಗೆ ಕಾದ ಸೀಸ ಹೊಯ್ಯುವ ಕಥೆ ನೆನಪಾಗಿ ನಗು ಬಂತು. ಇದು ಕಾದಿರುವುದಿಲ್ಲ, ತಣ್ಣಗೆ ಶ್ಯಾವಿಗೆ ಒತ್ತಿದ ಹಾಗೆ. ಹೊರಗಿನ ಸದ್ದು ಒಂದೊಂದಾಗಿ ಇಂಗಿ, ಐದು ನಿಮಿಷ ನನ್ನ ಉಸಿರು ಮಾತ್ರ ನನಗೆ ಕೇಳುತ್ತಿತ್ತು. ಗಟ್ಟಿಯಾದ ಮೇಲೆ ತಿರುಪಿ ಎಳೆದು ಅಂಗೈ ಮೇಲಿಟ್ಟರು. ನನ್ನ ಕಿವಿಯೊಳಗೆ ಇಷ್ಟು ಸೊಟ್ಟ ಇದೆಯೆಂದು ಆವತ್ತೇ ಗೊತ್ತಾದದ್ದು. ಬಲಗಡೆಯದು ನೆಟ್ಟಗಿತ್ತು, ಎಡಗಡೆಯದು ಹಲಸಿನ ತೊಳೆಯ ಹಾಗೆ ಬಾಗಿತ್ತು. ಮೀಡಿಯಂ ಲಾರ್ಜ್ ಏಕೆ ನಿಲ್ಲುತ್ತಿರಲಿಲ್ಲ ಎಂದು ಇನ್ನು ಯಾರೂ ವಿವರಿಸಬೇಕಿರಲಿಲ್ಲ.

ಇಷ್ಟಾಗಿ ಹತ್ತು ದಿನಕ್ಕೆ ಬಂದ ಟಿಪ್ ದಂಡ. ಸುಮ್ಮನೆ ಕೂತಿದ್ದರೆ ಭದ್ರ. ಮಾತಾಡಿದರೆ, ಆಕಳಿಸಿದರೆ ಎಡಗಡೆ ಗಾಳಿ ನುಗ್ಗಿ ಬೇಸ್ ಎಲ್ಲ ಸೋರಿಹೋಗುತ್ತಿತ್ತು. ಬಾಯಿ ತೆರೆದಾಗ ದವಡೆಯ ಕೀಲು ಸರಿದು ಕಿವಿಯ ನಾಳದ ಆಕಾರವೇ ಬದಲಾಗುತ್ತದೆ. ನನ್ನ ಅಚ್ಚು ತೆಗೆದಿದ್ದು ಬಾಯಿ ಮುಚ್ಚಿಸಿ. ವಾಪಸ್ ಹೋಗಿ ಕೇಳಿದರೆ "ಶ್ರವಣಯಂತ್ರಕ್ಕೆ ನಾವು ಹೀಗೇ ಮಾಡೋದು ಮೇಡಂ, ಇನ್ನೂ ಒಂದು ತಿಂಗಳು ಹಾಕಿ, ಅಭ್ಯಾಸ ಆಗುತ್ತೆ" ಎಂಬ ಉತ್ತರ. ಕಿವಿ ಟಿಪ್ಪಿಗೆ ಹೊಂದಿಕೊಳ್ಳಬೇಕಂತೆ! ಕೊಟ್ಟ 2,400 ನೀರಿಗೆ ಹೋಯಿತು. ರಶೀದಿಯಲ್ಲಿ 'ಮರುತಯಾರಿ ಇಲ್ಲ' ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಊರವರ ರಶೀದಿಗಳನ್ನೆಲ್ಲ ಕೆದಕುವ ನಾನು ನನ್ನದನ್ನು ಓದಿರಲಿಲ್ಲ.

ರವಿಕೆ ಹೊಲಿಸಿದವರಿಗೆಲ್ಲ ಗೊತ್ತು: ಬಟ್ಟೆ ಎಷ್ಟೇ ಚೆನ್ನಾಗಿರಲಿ, ಕೈಯೆತ್ತಿ ಅಳತೆ ತೆಗೆದುಕೊಳ್ಳದ ದರ್ಜಿ ಹೊಲಿದರೆ ಬಸ್ಸಿನಲ್ಲಿ ಕಂಬಿ ಹಿಡಿದಾಗಲೇ ಅದರ ಬಣ್ಣ ಬಯಲು. ಎರಡನೆಯವರನ್ನು ಹುಡುಕುವಾಗ ಫೋನಿನಲ್ಲಿ ಮೊದಲು ಕೇಳಿದ್ದೇ "ಬಾಯಿ ತೆರೆಸಿ ಅಚ್ಚು ತೆಗೆಯುತ್ತೀರಾ?" ಎಂದು. "ಹಾಡು ಕೇಳೋಕಾ, ನಿದ್ದೆಗಾ?" ಎಂದು ಆ ಕಡೆಯಿಂದ ಪ್ರಶ್ನೆ ಬಂದಾಗಲೇ ಇವರಿಗೆ ಕೆಲಸ ಗೊತ್ತು ಅನ್ನಿಸಿತು. ಹಲ್ಲುಗಳ ಮಧ್ಯೆ ಪ್ಲಾಸ್ಟಿಕ್ ತುಂಡು ಕಚ್ಚಿಸಿ ಅಚ್ಚು ತೆಗೆದರು, ಇಯರ್‌ಫೋನನ್ನೇ ಇಟ್ಟುಕೊಂಡು ಅದರ ಮೂತಿಗೆ ಸರಿಯಾಗಿ ತೂತು ಬಿಟ್ಟರು. ಗಟ್ಟಿ ಅಕ್ರಿಲಿಕ್ ಆದರೆ ಆಮೇಲೆ ಎಲ್ಲಾದರೂ ಒತ್ತಿದರೆ ಉಜ್ಜಿ ಸರಿಮಾಡಬಹುದು, ಬಾಳಿಕೆಯೂ ಹೆಚ್ಚು. ಆದರೆ ಮಲಗಿ ನಿದ್ದೆ ಮಾಡುವವರಿಗೆ ಮೆತ್ತನೆಯ ಸಿಲಿಕೋನೇ ವಾಸಿ ಎಂದರು. ಆ ಮಾತು ನಿಜವಾಯಿತು. 2,800 ರೂಪಾಯಿ. ಇಷ್ಟು ವಿವರವಾಗಿ ಬರೆಯಲು ಕಾರಣ, ಈ ವಿಮರ್ಶೆಯಲ್ಲಿ ಚುಕ್ಕಿ ಕೊಡಬೇಕಾದ್ದು ಇಯರ್‌ಫೋನಿಗಲ್ಲ, ಅಚ್ಚು ತೆಗೆಯುವ ಕೈಗೆ.

ಸದ್ದು ಹೇಗೆ? ಅದೇ 1,800ರ ಇಯರ್‌ಫೋನು, ಮೃದಂಗದ ಎಡಗಡೆಯ ಗುಂಕಾರ ಈಗ ತುಂಬಿಕೊಂಡು ಬರುತ್ತದೆ. ಕಿವಿಗೂ ಟಿಪ್ಪಿಗೂ ನಡುವೆ ಸಂದಿಯೇ ಇಲ್ಲವಲ್ಲ. ತಾಳದ ಕಿಣಿಕಿಣಿ ಮಾತ್ರ ಒಂದು ಕೂದಲೆಳೆ ಮಂಕಾಯಿತು. ಟಿಪ್ಪಿನ ಕೊಳವೆ ಉದ್ದವಾಗಿ ಕಿರಿದಾದರೆ ತಾರಸ್ವರ ತಗ್ಗುತ್ತದೆ. ಫೋನಿನ ಈಕ್ವಲೈಸರಿನಲ್ಲಿ ಕೊನೆಯ ಎರಡು ಗೆರೆ ಮೇಲೆತ್ತಿಕೊಂಡೆ, ಮುಗಿಯಿತು.

ದೊಡ್ಡ ಲಾಭ ಬೇರೆ. ನನ್ನ ಫೋನಿನ ವಾಲ್ಯೂಮಿಗೆ ಹದಿನೈದು ಮೆಟ್ಟಿಲು. ಮುಂಚೆ ಬಸ್ಸಿನಲ್ಲಿ ಹನ್ನೆರಡಕ್ಕೆ ಇಡುತ್ತಿದ್ದೆ, ಈಗ ಆರು ಸಾಕು. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ದಾಟಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾರುವ ವಿಮಾನದ ಒಳಗಿನ ಮೊರೆತವೇ ಅಷ್ಟರ ಆಸುಪಾಸು ಇರುತ್ತದೆ. ಅದನ್ನು ಮೀರಿ ಹಾಡು ಕೇಳಲು ಹೊರಟರೆ ಕಿವಿಯ ಗತಿ? ಬಾಗಿಲು ಮುಚ್ಚಿ ಒಳಗೆ ಮೆಲ್ಲಗೆ ಮಾತಾಡಿಕೊಳ್ಳುವುದು ಎಷ್ಟೋ ಮೇಲು.

ರೈಲಿನಲ್ಲಿ ಗೊರಕೆ, ರೀಲ್ಸ್, ರಾತ್ರಿ ಹನ್ನೊಂದರ ಫೋನ್ ಪಂಚಾಯಿತಿ, ಎಲ್ಲ ಪಕ್ಕದ ಮನೆಯ ಟಿವಿಯಷ್ಟು ದೂರ ಹೋಗುತ್ತವೆ. ಬಸ್ಸಿನ ಎಂಜಿನ್ ಹೋಗುವುದಿಲ್ಲ. ಅದು ಸೀಟಿನಿಂದ ಬೆನ್ನು, ಬೆನ್ನಿನಿಂದ ತಲೆಬುರುಡೆ ಹತ್ತಿ ಬರುತ್ತದೆ, ಕಿವಿ ಮುಚ್ಚಿ ಏನು ಬಂತು. ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕರೆ ಯಾವ ಅಚ್ಚೂ ಕಾಪಾಡದು. ವಿಮಾನ ಇಳಿಯುವಾಗ, ಘಾಟಿ ಇಳಿಯುವಾಗ ತೆಗೆದುಬಿಡಿ. ಗಾಳಿಯಾಡದ ಕಿವಿಯೊಳಗೆ ಒತ್ತಡ ಸಿಕ್ಕಿಹಾಕಿಕೊಂಡು ಒಡೆಯುವಂತೆ ನೋಯುತ್ತದೆ. ಸುಳ್ಯದ ತಿರುವುಗಳಲ್ಲಿ ಒಮ್ಮೆ ಮರೆತು ಅನುಭವಿಸಿದ್ದೇನೆ.

ಇನ್ನು ಬೇಡದ ಸಂಗತಿಗಳು. ಇದನ್ನು ಹಾಕಿಕೊಂಡು ಕೋಡುಬಳೆ ತಿನ್ನಬೇಡಿ, ತಲೆಯೊಳಗೆ ಜಲ್ಲಿ ಮಿಷನ್ ಓಡುತ್ತದೆ. ನಡೆದರೆ ಹೆಜ್ಜೆ ದಬ್ ದಬ್ ಎನ್ನುತ್ತದೆ, ಮಾತಾಡಿದರೆ ನಮ್ಮ ದನಿ ಕೊಡದೊಳಗಿಂದ ಬಂದ ಹಾಗೆ. ಹಾಗಾಗಿ ಫೋನ್ ಕರೆಗೆ ಒಂದು ಕಿವಿಯದನ್ನು ತೆಗೆಯಲೇಬೇಕು. ಇದರಲ್ಲಿ ಮೈ ಮರೆತು ಬಳ್ಳಾರಿಯಲ್ಲಿ ಇಳಿಯುವುದನ್ನೇ ತಪ್ಪಿಸಿಕೊಳ್ಳುತ್ತಿದ್ದೆ. ಎದುರು ಬರ್ತಿನ ಅಜ್ಜ ಕಾಲು ಅಲುಗಿಸಿ "ಬಳ್ಳಾರಿ ಬಂತ್ರೀ ಅಕ್ಕಾರ, ಇಳಿಯಂಗಿಲ್ಲೇನ್ರೀ?" ಎಂದಾಗ ಬ್ಯಾಗು ಒಂದು ಕೈಲಿ, ಚಪ್ಪಲಿ ಒಂದು ಕೈಲಿ. ಈಗ ಅಲಾರಂ ಇಡುತ್ತೇನೆ, ಅದು ನೇರ ಕಿವಿಯೊಳಗೇ ಕೂಗುತ್ತದೆ. ಮತ್ತೆ, ಒಂಟಿಯಾಗಿ ಓಡಾಡುವ ಹೆಂಗಸರಿಗೆ ಒಂದು ಮಾತು: ರಾತ್ರಿ ಬಸ್ ನಿಲ್ದಾಣದಲ್ಲಿ ಎರಡೂ ಕಿವಿ ಮುಚ್ಚಿ ನಿಲ್ಲಬೇಡಿ. ಟಿಕೆಟ್ ಆಗಿ, ಅಕ್ಕಪಕ್ಕ ಯಾರೆಂದು ನೋಡಿದ ಮೇಲಷ್ಟೇ ನಾನು ಎರಡನೆಯದನ್ನು ಹಾಕಿಕೊಳ್ಳುವುದು.

ಆರೈಕೆ ದೊಡ್ಡದೇನಲ್ಲ. ಟಿಪ್ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ರಾತ್ರಿಯಿಡೀ ಒಣಗಿಸಬೇಕು. ತೂತಿನಲ್ಲಿ ಗುಗ್ಗೆ ಕೂತರೆ ಒಂದು ಕಡೆ ಸದ್ದು ಕಮ್ಮಿಯಾಗುತ್ತದೆ, ಇಯರ್‌ಫೋನ್ ಕೆಟ್ಟಿತೆಂದು ಗಾಬರಿ ಬೇಡ. ಮಂಗಳೂರಿನ ಮಳೆಗಾಲಕ್ಕೆಂದು ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣವನ್ನೇ ಡಬ್ಬಿಗೆ ಹಾಕಿಟ್ಟಿದ್ದೇನೆ. ಬಲಗಡೆಯ ಟಿಪ್ಪಿಗೆ ಕೆಂಪು ಚುಕ್ಕಿ, ಎಡಗಡೆಯದಕ್ಕೆ ನೀಲಿ, ಶ್ರವಣಯಂತ್ರದವರ ರೂಢಿ. ಕತ್ತಲ ಬರ್ತಿನಲ್ಲಿ ಬಣ್ಣ ಎಲ್ಲಿ ಕಾಣಬೇಕು, ಬಾಗಿದ್ದು ಎಡ ಎಂದು ಬೆರಳಿಗೇ ಗೊತ್ತಾಗಿಬಿಟ್ಟಿದೆ. ತಂತಿ ಮಾತ್ರ ಒಂದೂವರೆ ವರ್ಷಕ್ಕೆ ಕಿವಿಯ ಹಿಂದೆ ಬಳಸುವ ಜಾಗದಲ್ಲಿ ಬೆವರಿಗೆ ಹಸಿರುಗಟ್ಟಿ ಸತ್ತಿತು, ಹೊಸದಕ್ಕೆ 600. ಇಲ್ಲಿಗೆ ಒಟ್ಟು 8,850 ರೂಪಾಯಿ. ಮೊದಲೇ ಸರಿಯಾದವರ ಹತ್ತಿರ ಹೋಗಿದ್ದರೆ 6,450ಕ್ಕೆ ಮುಗಿಯುತ್ತಿತ್ತು.

ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುವವರಿಗೆ ಇಷ್ಟೆಲ್ಲ ರಗಳೆ ಬೇಡ, ಒತ್ತಿ ಹಾಕುವ ಫೋಮ್ ಟಿಪ್ಪು ನಾಲ್ಕು ನೂರಕ್ಕೆ ಸಿಗುತ್ತದೆ. ಕಿವಿ ಸೋರುವವರು, ಪದೇ ಪದೇ ತುರಿಕೆ ಬರುವವರು ಡಾಕ್ಟರನ್ನು ಕೇಳದೆ ಈ ಸಹವಾಸಕ್ಕೇ ಬರಬೇಡಿ.

ಈಚೆಗೆ ನಾನು ಆರು ಕಿಲೋ ಇಳಿದಿದ್ದೇನೆ. ಅದಕ್ಕೋ, ಸಿಲಿಕೋನಿಗೆ ವಯಸ್ಸಾಯಿತೋ, ಎಡಗಡೆಯದು ನಕ್ಕಾಗ ಸ್ವಲ್ಪ ಸಡಿಲ. ಬರುವ ಶನಿವಾರ ಆ ಕಿವಿಗೆ ಮಾತ್ರ ಮತ್ತೆ ಅಚ್ಚು ಕೊಡಬೇಕು. ಅಲ್ಲಿಯವರೆಗೆ ಎಣ್ಣೆ ಬಟ್ಟಲು ನನ್ನ ಹತ್ತಿರ ತರಬೇಡ ಎಂದು ಅಮ್ಮನಿಗೆ ಹೇಳಿಟ್ಟಿದ್ದೇನೆ.