ಎನ್‌ಮ್ಯಾಪ್-ಬಾಕ್ಸ್: 224 ಬ್ಯಾಂಡ್‌ಗಳ ಚಿತ್ರವನ್ನು ಸರಿಯಾಗಿ ಒಳಗೆ ತರುವ ಸಾಧನ

ಫೆಬ್ರವರಿಯಲ್ಲಿ ಕೊಡಗಿನ ಸುಂಟಿಕೊಪ್ಪದ ಹತ್ತಿರದ ಒಬ್ಬ ಕಾಫಿ ಬೆಳೆಗಾರರು ನನ್ನ ಮಾತು ನಂಬಿ ಪಂಪ್‌ಸೆಟ್‌ಗೆ ಡೀಸೆಲ್ ತರಿಸಿದ್ದರು. ಸ್ಪ್ರಿಂಕ್ಲರ್ ಪೈಪುಗಳು ಕೆರೆ ಏರಿಯ ಮೇಲೆ ಸಾಲಾಗಿ ಬಿದ್ದಿದ್ದವು. ನಾನು ಕೊಟ್ಟ ನಕ್ಷೆಯಲ್ಲಿ ಅವರ ರೊಬಸ್ಟಾ ತೋಟ ಪೂರ್ತಿ ಒಣಗಿದಂತೆ ಕಾಣುತ್ತಿತ್ತು. ಆದರೆ ಅವರು ಒಂದು ರೆಂಬೆ ಬಗ್ಗಿಸಿ ತೋರಿಸಿದರು. ಎಲೆ ಗಟ್ಟಿಯಾಗಿತ್ತು, ಹಸಿರಾಗಿತ್ತು. ಮೊಗ್ಗು ಇನ್ನೂ ಬಲಿತಿರಲಿಲ್ಲ. ಆಗ ನೀರು ಬಿಟ್ಟಿದ್ದರೆ ಹೂವೂ ಸರಿಯಾಗಿ ಬರುತ್ತಿರಲಿಲ್ಲ, ಕೆರೆಯ ನೀರೂ ಹೋಗುತ್ತಿತ್ತು. "ಇದು ಒಣಗಿದ ಗಿಡವಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ತಪ್ಪು ಎಲ್ಲಿದೆ ಎಂದು ಹುಡುಕಿದೆ. ಲೆಕ್ಕದ ಸೂತ್ರ ಸರಿ ಇತ್ತು, ಉಪಗ್ರಹದ ಚಿತ್ರವೂ ಸರಿ ಇತ್ತು. ತಪ್ಪು ಆಗಿದ್ದು ಚಿತ್ರವನ್ನು ತಂತ್ರಾಂಶಕ್ಕೆ ಇಂಪೋರ್ಟ್ ಮಾಡುವ ಹೊತ್ತಿನಲ್ಲಿ. ಆ ತಪ್ಪನ್ನು ತಪ್ಪಿಸುವ ಎನ್‌ಮ್ಯಾಪ್-ಬಾಕ್ಸ್ ಎಂಬ ತಂತ್ರಾಂಶದ ಈ ವಿಮರ್ಶೆ ಬರೆಯುತ್ತಿರುವುದೇ ಅದಕ್ಕಾಗಿ.

ನಾನು ಬಳಸಿದ್ದು ಜರ್ಮನಿಯ ಎನ್‌ಮ್ಯಾಪ್ ಉಪಗ್ರಹದ ಚಿತ್ರ. 2022ರ ಏಪ್ರಿಲ್ 1ರಂದು ಮೇಲೆ ಹೋದದ್ದು ಅದು. ಮೊಬೈಲ್ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡುತ್ತದೆ, ಅಲ್ವಾ? ಇದು 420ರಿಂದ 2450 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಬೆಳಕನ್ನು ಇನ್ನೂರಕ್ಕೂ ಹೆಚ್ಚು ಪಾಲು ಮಾಡುತ್ತದೆ. ಒಂದೊಂದು ಪಾಲೂ ಒಂದು ಬ್ಯಾಂಡ್. ಅದಕ್ಕೇ ಹೈಪರ್‌ಸ್ಪೆಕ್ಟ್ರಲ್ ಎನ್ನುವುದು. ನೆಲದ ಮೇಲಿನ ಪ್ರತಿಫಲನವಾಗಿ ಬದಲಾಯಿಸಿ ಕೊಡುವ ಎಲ್2ಎ ಫೈಲಿನಲ್ಲಿ 224 ಬ್ಯಾಂಡ್ ಇರುತ್ತವೆ. ಒಂದು ಪಿಕ್ಸೆಲ್ 30 ಮೀಟರ್ ಅಗಲ, 30 ಮೀಟರ್ ಉದ್ದ. ನಮ್ಮ ಲೆಕ್ಕದಲ್ಲಿ ಹೇಳಿದರೆ ಸುಮಾರು 22 ಸೆಂಟು ಜಾಗ. ಹತ್ತಡಿ ಅಂತರದಲ್ಲಿ ನೆಟ್ಟ ರೊಬಸ್ಟಾ ಆದರೆ ಹೆಚ್ಚುಕಡಿಮೆ ನೂರು ಗಿಡ, ಜೊತೆಗೆ ಅವುಗಳ ಮೇಲಿರುವ ಸಿಲ್ವರ್ ಓಕ್, ಹಾಲುವಾಣ ಎಲ್ಲಾ ಸೇರಿ ಒಂದೇ ಚುಕ್ಕೆ.

ಮೊದಲು ನಾನು ಈ ಫೈಲನ್ನು ತೆರೆದದ್ದು ದುಡ್ಡು ಕೊಟ್ಟು ಬಳಸುವ ಒಂದು ತಂತ್ರಾಂಶದಲ್ಲಿ. ಹೆಸರು ಬೇಡ. ಅದು ಟಿಫ್ ಫೈಲನ್ನು ಸಲೀಸಾಗಿ ತೆರೆಯಿತು, ಚಿತ್ರವೂ ಚೆನ್ನಾಗಿಯೇ ಬಂತು. ಆದರೆ ಬ್ಯಾಂಡ್ ಪಟ್ಟಿಯಲ್ಲಿ ಬರೀ 1, 2, 3 ಎಂದು 224ರವರೆಗೆ ಸಂಖ್ಯೆ ಇತ್ತು. ಯಾವ ಬ್ಯಾಂಡ್ ಎಷ್ಟು ನ್ಯಾನೋಮೀಟರ್ ಎಂಬ ಮಾಹಿತಿ ಪಕ್ಕದ ಎಕ್ಸ್‌ಎಂಎಲ್ ಫೈಲಿನಲ್ಲಿ ಉಳಿದುಬಿಟ್ಟಿತ್ತು. ಎಚ್ಚರಿಕೆಯ ಒಂದು ಸಾಲೂ ಬರಲಿಲ್ಲ. ನಾನು 420ರಿಂದ 2450ರ ತನಕ ಸಮನಾಗಿ ಹಂಚಿಕೊಂಡೆ. ಬ್ಯಾಂಡ್‌ಗೆ ಒಂಬತ್ತು ನ್ಯಾನೋಮೀಟರ್ ಎಂದು ಹಿಡಿದೆ.

ಅಲ್ಲೇ ಎಡವಿದ್ದು. ಈ ಉಪಗ್ರಹದಲ್ಲಿ ಬೆಳಕನ್ನು ಅಳೆಯುವ ಎರಡು ಡಿಟೆಕ್ಟರ್ ಇವೆ. ಕಣ್ಣಿಗೆ ಕಾಣುವ ಬೆಳಕು ಮತ್ತು ಅದರ ಆಚೆಗಿನ ಸ್ವಲ್ಪ ಭಾಗಕ್ಕೆ ಒಂದು. ಅಲ್ಲಿ ಬ್ಯಾಂಡ್‌ಗಳು ಸರಾಸರಿ 6.5 ನ್ಯಾನೋಮೀಟರ್ ಅಂತರದಲ್ಲಿವೆ. ಇನ್ನೊಂದು ಅದರಾಚೆಯ ಶಾರ್ಟ್‌ವೇವ್ ಇನ್‌ಫ್ರಾರೆಡ್‌ಗೆ, ಅಲ್ಲಿ ಅಂತರ ಸುಮಾರು 10. ಅಷ್ಟೇ ಅಲ್ಲ, 900ರಿಂದ 1000ದ ನಡುವೆ ಎರಡೂ ಡಿಟೆಕ್ಟರ್ ಒಂದರ ಮೇಲೊಂದು ಬರುತ್ತವೆ. ಅಂದರೆ ಅದೇ ಬೆಳಕು ಎರಡು ಸಲ ದಾಖಲಾಗುತ್ತದೆ.

ಎಲೆಯಲ್ಲಿರುವ ನೀರನ್ನು ಅಳೆಯಲು 860 ಮತ್ತು 1240 ನ್ಯಾನೋಮೀಟರ್ ಬ್ಯಾಂಡ್‌ಗಳನ್ನು ಹೋಲಿಸುತ್ತಾರೆ. ಎಲೆಯಲ್ಲಿ ನೀರು ಜಾಸ್ತಿ ಇದ್ದರೆ 1240ರಲ್ಲಿ ಬೆಳಕು ಕಡಿಮೆ ವಾಪಸ್ ಬರುತ್ತದೆ. ನಾನು 1240 ಎಂದುಕೊಂಡು ತೆಗೆದದ್ದು 91ನೇ ಬ್ಯಾಂಡ್. ನಿಜಕ್ಕೂ ಅದು ಎರಡೂ ಡಿಟೆಕ್ಟರ್ ಒಂದರ ಮೇಲೊಂದು ಬರುವ 900ರಿಂದ 1000ದ ನಡುವಿನದು. 860 ಎಂದುಕೊಂಡು ತೆಗೆದ 49ನೇ ಬ್ಯಾಂಡ್ ಕೆಂಪು ಬೆಳಕಿನ ಆಸುಪಾಸಿನದು. ಹಸಿರೆಲೆ ಕೆಂಪು ಬೆಳಕನ್ನು ನುಂಗುತ್ತದೆ, ಇನ್‌ಫ್ರಾರೆಡ್ ಅನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ನನ್ನ ನಕ್ಷೆಯಲ್ಲಿ ಗಿಡ ಎಷ್ಟು ಹಸಿರಾಗಿತ್ತೋ ಅಷ್ಟು ಒಣಗಿದಂತೆ ಕಂಡಿತು. ಚೆನ್ನಾಗಿ ಸಾಕಿದ ತೋಟವೇ ಕೆಂಪಗೆ ಬಂದಿತ್ತು. ಇದು ಗೊತ್ತಾದಾಗ ನಿಜವಾಗಿಯೂ ಹೊಟ್ಟೆ ತೊಳೆಸಿದ ಹಾಗಾಯಿತು. ಬೆಳಗಾಗುವುದಕ್ಕೆ ಕಾಯಲಿಲ್ಲ. ರಾತ್ರಿಯೇ ಅವರಿಗೆ ಫೋನ್ ಮಾಡಿ ಪಂಪ್ ಶುರು ಮಾಡಬೇಡಿ ಎಂದೆ.

ಆಮೇಲೆ ಬಂದದ್ದು ಎನ್‌ಮ್ಯಾಪ್-ಬಾಕ್ಸ್. ಇದು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಒಳಗೆ ಕೂರುವ ಪ್ಲಗಿನ್. ಪುಕ್ಕಟೆ, ಓಪನ್ ಸೋರ್ಸ್. ಇದೇ ಉಪಗ್ರಹದ ಯೋಜನೆಯ ಭಾಗವಾಗಿ ಬೆಳೆದ ತಂತ್ರಾಂಶ, ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದವರೂ ಇದರ ಹಿಂದೆ ಇದ್ದಾರೆ. ಇದರಲ್ಲಿ ಎಲ್2ಎ ಚಿತ್ರಕ್ಕೇ ಬೇರೆ ಇಂಪೋರ್ಟ್ ಸಾಧನ ಇದೆ. ನೀವು ಟಿಫ್ ಫೈಲನ್ನು ಕೊಡುವುದಿಲ್ಲ, ಮೆಟಾಡೇಟಾದ, ಅಂದರೆ ಚಿತ್ರದ ವಿವರಗಳ, ಎಕ್ಸ್‌ಎಂಎಲ್ ಫೈಲನ್ನು ಕೊಡುತ್ತೀರಿ. ನನಗೆ ತುಂಬಾ ಹಿಡಿಸಿದ್ದು ಇದೇ. ಚಿತ್ರದ ವಿಳಾಸ ಆ ಎಕ್ಸ್‌ಎಂಎಲ್ ಒಳಗೇ ಇದೆ, ಪ್ರತಿ ಬ್ಯಾಂಡ್‌ನ ತರಂಗಾಂತರವೂ ಇದೆ. ಒಂದು ಬಂದರೆ ಇನ್ನೊಂದು ಬಂದೇ ಬರುತ್ತದೆ.

ಡಿಟೆಕ್ಟರ್‌ಗಳು ಒಂದರ ಮೇಲೊಂದು ಬರುವ ಜಾಗದಲ್ಲಿ ಏನು ಮಾಡಬೇಕು ಎಂದೂ ಅದೇ ಕಿಟಕಿಯಲ್ಲಿ ಕೇಳುತ್ತದೆ. ಡಿಟೆಕ್ಟರ್ ಪ್ರಕಾರ ಜೋಡಿಸಬಹುದು, ತರಂಗಾಂತರದ ಪ್ರಕಾರ ಜೋಡಿಸಬಹುದು, ಅಥವಾ ಆ ಭಾಗದಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು. ಈ ಒಂದು ಪ್ರಶ್ನೆಯನ್ನು ಹಳೆಯ ತಂತ್ರಾಂಶ ಕೇಳಿದ್ದರೆ ನಾನು ಅಲ್ಲೇ ನಿಂತು ಯೋಚನೆ ಮಾಡುತ್ತಿದ್ದೆ. ಕೆಟ್ಟ ಬ್ಯಾಂಡ್‌ಗಳನ್ನು ಗುರುತು ಮಾಡುವ ಆಯ್ಕೆಯೂ ಇದೆ. ಗಾಳಿಯಲ್ಲಿನ ನೀರಾವಿ 1400 ಮತ್ತು 1900ರ ಸುತ್ತ ಬೆಳಕನ್ನು ತಿಂದುಹಾಕುತ್ತದೆ. ಅಲ್ಲಿನ ಅಂಕಿಗಳನ್ನು ಲೆಕ್ಕಕ್ಕೆ ಸೇರಿಸಬಾರದು.

ಇಂಪೋರ್ಟ್ ಆದ ತಕ್ಷಣ ನಾನು ಮಾಡುವ ಪರೀಕ್ಷೆ ಒಂದಿದೆ, ನೀವೂ ಮಾಡಿ. ನಿಮಗೆ ಕಣ್ಣುಮುಚ್ಚಿ ಗೊತ್ತಿರುವ ಜಾಗದ ಮೇಲೆ ಸ್ಪೆಕ್ಟ್ರಲ್ ಪ್ರೊಫೈಲ್ ಸಾಧನದಿಂದ ಕ್ಲಿಕ್ ಮಾಡಿ. ನಾನು ಮೊದಲು ಹಾರಂಗಿ ಹಿನ್ನೀರಿನ ಮೇಲೆ ಕ್ಲಿಕ್ ಮಾಡಿದೆ. ಗೆರೆ ನೆಲಕ್ಕಂಟಿ ಮಲಗಿತು. ನೀರು ಹಾಗೇ ಇರಬೇಕು. ಆಮೇಲೆ ಕಾಡಿನ ಅಂಚಿನ ಮೇಲೆ. 550ರಲ್ಲಿ ಒಂದು ಪುಟ್ಟ ಗುಡ್ಡ, 670ರ ಹತ್ತಿರ ಒಂದು ಹಳ್ಳ, 700 ದಾಟುತ್ತಿದ್ದಂತೆ ಗೋಡೆ ಹತ್ತಿದ ಹಾಗೆ ಮೇಲಕ್ಕೆ. ಆ ಏರಿಕೆಯನ್ನೇ ರೆಡ್ ಎಡ್ಜ್ ಎನ್ನುವುದು. ಕೆಳಗಿನ ಅಕ್ಷದಲ್ಲಿ ಬ್ಯಾಂಡ್ ಸಂಖ್ಯೆ ಇರಲಿಲ್ಲ, ನ್ಯಾನೋಮೀಟರ್ ಇತ್ತು. ಅದನ್ನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ.

ಮೊದಲೇ ತಿಳಿದಿರಬೇಕಾದ ವಿಷಯಗಳೂ ಇವೆ. ಪ್ಲಗಿನ್ ಒಂದನ್ನೇ ಹಾಕಿದರೆ ಸಾಲದು, ಕೆಲವು ಪೈಥಾನ್ ಪ್ಯಾಕೇಜ್‌ಗಳನ್ನೂ ಸೇರಿಸಬೇಕು. ವಿಂಡೋಸ್‌ನಲ್ಲಿ ಓಎಸ್‌ಜಿಯೋ4ಡಬ್ಲ್ಯೂ ಎಂಬ ಇನ್‌ಸ್ಟಾಲರ್ ಮೂಲಕ ಕ್ಯೂಜಿಐಎಸ್ ಹಾಕಿಕೊಂಡರೆ ಈ ಕೆಲಸ ಸುಲಭ. ಮಡಿಕೇರಿಯಲ್ಲಿ ನೆಟ್ ಚೆನ್ನಾಗಿರುವ ಕಡೆ ಕೂತು ಇದನ್ನೆಲ್ಲಾ ಒಂದೇ ಸಲ ಮುಗಿಸಿ. ಚಿತ್ರವೂ ಭಾರ. ಸಾವಿರ ಪಿಕ್ಸೆಲ್ ಅಗಲ, ಸಾವಿರ ಉದ್ದ, 224 ಬ್ಯಾಂಡ್, ಒಂದೊಂದು ಅಂಕಿಗೆ 2 ಬೈಟ್. ಬಿಡಿಸಿದರೆ ಸುಮಾರು 450 ಎಂಬಿ. ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ, ಆದರೆ ತೋಟದ ಭಾಗವನ್ನು ಮೊದಲು ಕತ್ತರಿಸಿಕೊಳ್ಳುತ್ತೇನೆ. ಮೆನು ಎಲ್ಲಾ ಇಂಗ್ಲಿಷ್‌ನಲ್ಲಿದೆ. ಮತ್ತೆ, ನೀವು ಉಳಿಸಿದ ಫೈಲ್ ವಿಆರ್‌ಟಿ ಆಗಿದ್ದರೆ ಅದರೊಳಗೆ ಚಿತ್ರ ಇಲ್ಲ. ಮೂಲ ಫೈಲ್ ಎಲ್ಲಿದೆ ಎಂದು ಹೇಳುವ ಚೀಟಿ ಅಷ್ಟೇ ಅದು. ಜಾಗ ಉಳಿಸೋಣ ಎಂದು ಮೂಲವನ್ನು ಡಿಲೀಟ್ ಮಾಡಬೇಡಿ.

ಇಟಲಿಯ ಪ್ರಿಸ್ಮಾ ಉಪಗ್ರಹದ ಚಿತ್ರಗಳಿಗೂ ಇದರಲ್ಲಿ ಬೇರೆ ಇಂಪೋರ್ಟ್ ಸಾಧನ ಇದೆ. ಅವು ಎಚ್‌ಡಿಎಫ್5 ರೂಪದಲ್ಲಿ ಬರುತ್ತವೆ, ಸುಮ್ನೆ ಎಳೆದು ಹಾಕಿದರೆ ಗೊಂದಲವಾಗುತ್ತದೆ. ನಾಸಾದ ಹಳೆಯ ಹೈಪೀರಿಯನ್ ಚಿತ್ರ ಬಳಸುವವರು ಇನ್ನೊಂದು ನೆನಪಿಡಿ. ಅದರಲ್ಲಿ 242 ಬ್ಯಾಂಡ್‌ಗಳು 242 ಬೇರೆ ಬೇರೆ ಟಿಫ್ ಆಗಿ ಬರುತ್ತವೆ. ಮೊದಲ 7 ಬ್ಯಾಂಡ್ ಖಾಲಿ. ಮೊದಲನೆಯದನ್ನು ತೆರೆದು ಪೂರ್ತಿ ಕಪ್ಪು ಕಂಡರೆ ಫೈಲ್ ಹಾಳಾಗಿದೆ ಎಂದು ಮತ್ತೆ ಡೌನ್‌ಲೋಡ್ ಮಾಡಬೇಡಿ, 8ನೇದನ್ನು ನೋಡಿ.

ಕಾಂಡಕೊರಕ ಹುಳ ಬಂದ ಗಿಡವನ್ನು ಇದರಲ್ಲಿ ಹುಡುಕಬಹುದಾ ಎಂದು ಜಾಸ್ತಿ ಜನ ಕೇಳುತ್ತಾರೆ. ಆಗುವುದಿಲ್ಲ. 22 ಸೆಂಟಿನ ಚುಕ್ಕೆಯಲ್ಲಿ, ನೆರಳು ಮರದ ಕೆಳಗೆ, ಒಂದು ಅರೇಬಿಕಾ ಗಿಡ ಬೇರೆಯಾಗಿ ಕಾಣುವುದಿಲ್ಲ. ಹಾಗೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಮಳೆಗಾಲದಲ್ಲೂ ಚಿತ್ರದ ಆಸೆ ಬೇಡ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನದು ಒಳ್ಳೆಯದು.

ಹೊಸ ನಕ್ಷೆಯನ್ನು ಪ್ರಿಂಟ್ ಹಾಕಿಸಿ ಅದೇ ಬೆಳೆಗಾರರ ಹತ್ತಿರ ಹೋದೆ. ಕಣದಲ್ಲಿ ಚೆರಿ ಒಣಗುತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. ಮೇಲಿನ ಬರೆಯಲ್ಲಿ, ಕಲ್ಲು ಜಾಸ್ತಿ ಇರುವ ಕಡೆ ಮಾತ್ರ ಎರಡು ಚುಕ್ಕೆ ಒಣಗಿದಂತೆ ಬಂದಿದ್ದವು. ಅದರ ಮೇಲೆ ಬೆರಳಿಟ್ಟು, "ಇಲ್ಲಿ ಪ್ರತಿ ವರ್ಷ ಮೊದಲು ಬಾಡುತ್ತದೆ" ಎಂದರು. ಮೊಗ್ಗು ಬಲಿತ ಮೇಲೆ ಮೊದಲ ಪೈಪ್ ಅಲ್ಲೇ ಹಾಕಿದರು.